ರೋಲರ್‌ಗೆ ಸ್ಪ್ಯಾನರ್ ಹಾಕುವ ಮೊದಲು ಡಿಕಾಯ್ಲರ್ ನೋಡಿ

ಸ್ಟೀಲ್ ಸುರುಳಿ (ಕಾಯಿಲ್) ಬಿಚ್ಚಿ ರೋಲರ್‌ಗಳ ನಡುವೆ ಹಾಯಿಸಿ ರೂಫಿಂಗ್ ಶೀಟ್ ಮಾಡುವ ಲೈನ್ ನಡೆಸುವವರಿಂದ ಬರುವ ಫೋನ್ ಹೆಚ್ಚುಕಮ್ಮಿ ಎರಡೇ ಥರ. ‘ಸಾರ್, ಶೀಟ್ ಉದ್ದ ಏರುಪೇರು ಬರ್ತಿದೆ, ಎನ್‌ಕೋಡರ್ ಬದಲಾಯಿಸಿದ್ವಿ, ಆದ್ರೂ ಸರಿಹೋಗ್ಲಿಲ್ಲ’ ಅನ್ನುವುದು ಒಂದು (ಎನ್‌ಕೋಡರ್ ಅಂದರೆ ತಿರುಗುವುದನ್ನು ಎಣಿಸಿ ಶೀಟ್ ಉದ್ದ ಅಳೆಯುವ ಸಾಧನ). ‘ಶೀಟ್ ಒಂದು ಪಕ್ಕಕ್ಕೆ ಎಳೀತಿದೆ, ರೋಲರ್ ಗ್ಯಾಪ್ ಹಾಕಿ ಹಾಕಿ ಸಾಕಾಯ್ತು’ ಅನ್ನುವುದು ಇನ್ನೊಂದು. ನಾನು ಮೊದಲು ಕೇಳುವುದು ಇಷ್ಟೇ: ತೊಂದರೆ ಕಾಯಿಲ್ ತುಂಬಿದ್ದಾಗ ಬರುತ್ತಾ, ಮುಗಿಯುತ್ತಾ ಬಂದಾಗ ಬರುತ್ತಾ, ಇಲ್ಲಾ ಯಾವಾಗಲೂ ಒಂದೇ ಥರಾನಾ? ಹೆಚ್ಚಿನ ಕಡೆ ಇದನ್ನು ಯಾರೂ ಗಮನಿಸಿರುವುದಿಲ್ಲ. ಕಾಯಿಲ್ ಸಣ್ಣದಾದ ಹಾಗೆ ತೊಂದರೆಯ ರೂಪವೂ ಬದಲಾದರೆ, ಮೊದಲು ನೋಡಬೇಕಾದದ್ದು ಡಿಕಾಯ್ಲರ್, ಅಂದರೆ ಕಾಯಿಲ್ ಹೊತ್ತು ಬಿಚ್ಚುತ್ತಾ ಕೊಡುವ ಸ್ಟ್ಯಾಂಡ್.

ಲೆಕ್ಕ ಹಾಕಿ ನೋಡಿ. 0.5 ಎಂಎಂ ದಪ್ಪ, 1220 ಎಂಎಂ ಅಗಲದ ಶೀಟ್ ಮೀಟರಿಗೆ ಸುಮಾರು 4.8 ಕೆಜಿ ತೂಗುತ್ತದೆ. 5 ಟನ್ ಕಾಯಿಲ್ ಅಂದರೆ ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ಉದ್ದ. ಒಳ ವ್ಯಾಸ 508 ಎಂಎಂ ಇದ್ದರೆ ಹೊರ ವ್ಯಾಸ 960 ಎಂಎಂ ಆಸುಪಾಸು ಇರುತ್ತದೆ. ಹೊಸ ಕಾಯಿಲ್ ಒಂದು ಸುತ್ತು ಬಿಚ್ಚಿದರೆ 3 ಮೀಟರ್ ಶೀಟ್ ಬರುತ್ತದೆ. ಕೊನೆಗೆ ಅದೇ ಒಂದು ಸುತ್ತಿಗೆ 1.6 ಮೀಟರ್ ಮಾತ್ರ. ಈ ಎರಡು ಅಂಕಿ ತಲೆಯಲ್ಲಿದ್ದರೆ ಅರ್ಧ ತನಿಖೆ ಮುಗಿದ ಹಾಗೆ. ಶೀಟ್ ಮೇಲೆ ಗೀರೋ ಅಲೆಯೋ ಕಂಡರೆ ಟೇಪ್ ಹಿಡಿದು ಅದು ಎಷ್ಟು ದೂರಕ್ಕೊಮ್ಮೆ ಬರುತ್ತಿದೆ ಅಂತ ಅಳೆಯಿರಿ. ಬೆಳಗ್ಗೆಯಿಂದ ಸಂಜೆವರೆಗೆ 471 ಎಂಎಂಗೊಮ್ಮೆ ಬರುತ್ತಿದ್ದರೆ ಅದು 150 ಎಂಎಂ ವ್ಯಾಸದ ಯಾವುದೋ ರೋಲರ್‌ನ ಕೆಲಸ. ಮೊದಲು 3 ಮೀಟರಿಗೊಮ್ಮೆ ಬಂದದ್ದು ಆಮೇಲೆ ಎರಡೂವರೆಗೆ, ಎರಡಕ್ಕೆ ಇಳಿಯುತ್ತಾ ಬಂದರೆ ರೋಲರ್ ಮುಟ್ಟಬೇಡಿ. ಸುತ್ತಿಗೊಮ್ಮೆ ಕಾಯಿಲ್ ಕುಲುಕುತ್ತಿದೆ ಅಂತ ಅರ್ಥ.

ಯಾಕೆ ಕುಲುಕುತ್ತದೆ? ಕ್ರೇನ್‌ನಲ್ಲಿ ಇಳಿಸುವಾಗ ಪೆಟ್ಟು ಬಿದ್ದು ಕಾಯಿಲ್‌ನ ಒಳತೂತು ಮೊಟ್ಟೆಯಾಕಾರ ಆಗಿರಬಹುದು. ಕಾಯಿಲ್‌ನ ಒಳತೂತಿಗೆ ಹೊಕ್ಕು, ಹಿಗ್ಗಿ ಅದನ್ನು ಹಿಡಿಯುವ ಮ್ಯಾಂಡ್ರೆಲ್‌ನ ಒಂದು ಸೆಗ್ಮೆಂಟ್ (ಹಿಗ್ಗುವ ತುಂಡು) ಉಳಿದವುಗಳಷ್ಟು ಮೇಲೆ ಬರದೇ ಇರಬಹುದು. ಇನ್ನೊಂದು ಕಾರಣ ನಮ್ಮವರೇ ಮಾಡಿಕೊಂಡದ್ದು. 508ರ ಮ್ಯಾಂಡ್ರೆಲ್ ಮೇಲೆ 610 ಒಳ ವ್ಯಾಸದ ಕಾಯಿಲ್ ಹಾಕಬೇಕಾದಾಗ ಸರಿಯಾದ ಪ್ಯಾಡ್ ಹುಡುಕುವ ಬದಲು ಮರದ ತುಂಡು ತುರುಕುತ್ತಾರೆ. 5 ಟನ್ ಭಾರಕ್ಕೆ ಮರ ಅಮುಕಿಕೊಳ್ಳುತ್ತದೆ, ಅದೂ ಒಂದೊಂದು ಕಡೆ ಒಂದೊಂದು ಥರ. ಕಾಯಿಲ್ ನಡುವಿನಿಂದ ತಪ್ಪುತ್ತದೆ. ಸ್ಟೀಲ್ ಪ್ಯಾಡ್ ಒಂದು ಸೆಟ್ ಮಾಡಿಸಿ ಬೋಲ್ಟ್ ಹಾಕಿ ಕೂರಿಸಿ. ಅದರ ಖರ್ಚು ಒಂದು ಕಾಯಿಲ್‌ನಲ್ಲಿ ಹಾಳಾಗುವ ಮಾಲಿನ ಮುಂದೆ ಏನೂ ಅಲ್ಲ.

ಇನ್ನು ಉದ್ದದ ಏರುಪೇರು. ನಮ್ಮಲ್ಲಿ ಹೆಚ್ಚಿನ ಸಣ್ಣ ಲೈನ್‌ಗಳು ನಿಂತು ಕತ್ತರಿಸುವಂಥವು. ಮೋಟರ್ ಇಲ್ಲದ ಡಿಕಾಯ್ಲರ್, ಬ್ರೇಕ್ ಒಂದೇ ಗತಿ. 3 ಮೀಟರ್ ಶೀಟ್ ತೆಗೆಯುವಾಗ ಪ್ರತಿ 3 ಮೀಟರಿಗೊಮ್ಮೆ ಲೈನ್ ನಿಲ್ಲುತ್ತದೆ, ಮತ್ತೆ ಹೊರಡುತ್ತದೆ. ಬ್ರೇಕ್ ಸಡಿಲ ಇದ್ದರೆ ಲೈನ್ ನಿಂತರೂ ತುಂಬಿದ ಕಾಯಿಲ್ ಸ್ವಲ್ಪ ತಿರುಗಿಯೇ ನಿಲ್ಲುವುದು. ಶೀಟ್ ಜೋಲು ಬೀಳುತ್ತದೆ. ಮತ್ತೆ ಸ್ಟಾರ್ಟ್ ಆದಾಗ ಜೋಲು ಮುಗಿದ ಕ್ಷಣಕ್ಕೆ ಜೋರು ಎಳೆತ. ಆಗ ರೋಲರ್ ತಿರುಗುತ್ತದೆ, ಶೀಟ್ ಮಾತ್ರ ಅಷ್ಟು ಮುಂದೆ ಹೋಗುವುದಿಲ್ಲ. ಎನ್‌ಕೋಡರ್ ರೋಲರ್ ಶಾಫ್ಟ್‌ಗೆ ಕೂತಿದ್ದರೆ ಅದು ಪಾಪ ಎಣಿಸುತ್ತಲೇ ಇರುತ್ತದೆ. ಒಂದು ಶೀಟ್ ಸರಿ, ಮುಂದಿನದು 4 ಎಂಎಂ ಕಮ್ಮಿ.

ಇದಕ್ಕೆ ಆಪರೇಟರ್ ಬ್ರೇಕ್ ಬಿಗಿ ಮಾಡುತ್ತಾನೆ. ಸರಿಯೇ. ಆದರೆ ಬಿಗಿ ಮಾಡಿದವನು ಆಮೇಲೆ ಅತ್ತ ಕಡೆ ತಿರುಗಿ ನೋಡುವುದಿಲ್ಲ, ಅಲ್ವಾ? ಬ್ರೇಕ್ ಹಿಡಿತ ಅಷ್ಟೇ ಇದ್ದರೂ ಕಾಯಿಲ್ ಸಣ್ಣದಾದಂತೆ ಶೀಟ್ ಮೇಲಿನ ಎಳೆತ ಏರುತ್ತಾ ಹೋಗುತ್ತದೆ. ವ್ಯಾಸ 960ರಿಂದ 508ಕ್ಕೆ ಬರುವ ಹೊತ್ತಿಗೆ ಅದು ಸುಮಾರು ಎರಡು ಪಟ್ಟಾಗಿರುತ್ತದೆ. ತಡೆದು ನಿಲ್ಲಿಸಬೇಕಾದ ಭಾರವೋ, ಅಷ್ಟರಲ್ಲಿ ಕರಗಿಹೋಗಿರುತ್ತದೆ. ಹಾಗಾಗಿ ಕೊನೆಯ ಶೀಟ್‌ಗಳು ಎಲ್ಲವೂ ಒಂದೇ ಕಡೆಗೆ, ಅಂದರೆ ಕಮ್ಮಿ ಕಡೆಗೇ ಬರುತ್ತವೆ. ಈ ಎರಡು ಲಕ್ಷಣ ಬೇರೆ ಬೇರೆ. ಕಾಯಿಲ್ ತುಂಬಿದ್ದಾಗ ಹಿಂದೆ ಮುಂದೆ ಆದರೆ ಬ್ರೇಕ್ ಸಾಲದು. ಮುಗಿಯುವಾಗ ಒಂದೇ ಸಮ ಕಮ್ಮಿ ಬಂದರೆ ಬ್ರೇಕ್ ಜಾಸ್ತಿಯಾಯಿತು. ಗಾಳಿಯ ಬ್ರೇಕ್ ಆಗಿದ್ದರೆ ರೆಗ್ಯುಲೇಟರ್ ಪಕ್ಕದಲ್ಲಿ ಪೇಂಟ್‌ನಿಂದ ಮೂರು ಗುರುತು ಹಾಕಿಸಿ: ತುಂಬಿದ ಕಾಯಿಲ್, ಅರ್ಧ, ಕಾಲು. ಹೆಲ್ಪರ್ ಕೂಡ ತಿರುಗಿಸಬಹುದು.

ಬ್ರೇಕ್ ಎಷ್ಟು ಬಿಗಿ ಮಾಡಿದರೂ ಕಾಯಿಲ್ ನಿಲ್ಲುತ್ತಿಲ್ಲ ಅಂದರೆ ಬ್ರೇಕ್ ಲೈನರ್ (ಡಿಸ್ಕ್‌ಗೆ ಉಜ್ಜಿ ಹಿಡಿಯುವ ಪಟ್ಟಿ) ಕನ್ನಡಿ ಥರ ಹೊಳೆಯುತ್ತಿದೆಯಾ, ಡಿಸ್ಕ್ ಮೇಲೆ ಗ್ರೀಸ್ ಬಿದ್ದಿದೆಯಾ ನೋಡಿ. ಎರಡೂ ಇಲ್ಲದಿದ್ದರೆ ಒಂದು ಸುಲಭದ ಪರೀಕ್ಷೆ ಇದೆ. ಲೈನ್ ಪೂರ್ತಿ ನಿಲ್ಲಿಸಿ, ಸ್ವಿಚ್ ಆಫ್ ಮಾಡಿ, ಸೆಗ್ಮೆಂಟ್‌ನ ಮುಂದಿನ ತುದಿಯಿಂದ ಕಾಯಿಲ್‌ನ ಒಳಸುತ್ತಿನ ಅಂಚಿನವರೆಗೆ ಸೀಮೆಸುಣ್ಣದಲ್ಲಿ ಒಂದು ನೇರ ಗೀಟು ಎಳೆಯಿರಿ. ಹತ್ತು ಶೀಟ್ ಓಡಿಸಿ. ಗೀಟು ಮುರಿದು ಅರ್ಧ ಅತ್ತ, ಅರ್ಧ ಇತ್ತ ಹೋಗಿದ್ದರೆ ಬ್ರೇಕ್ ಮ್ಯಾಂಡ್ರೆಲನ್ನು ಹಿಡಿದಿದೆ, ಮ್ಯಾಂಡ್ರೆಲ್ ಕಾಯಿಲನ್ನು ಹಿಡಿದಿಲ್ಲ. ಬಣ್ಣದ ಕಾಯಿಲ್ ಆದರೆ ಕೊನೆಯ ಸುತ್ತುಗಳಲ್ಲಿ ಗೀರು ಬಿದ್ದಿರುವುದೂ ಇದರಿಂದಲೇ.

ಹೈಡ್ರಾಲಿಕ್ ಮ್ಯಾಂಡ್ರೆಲ್ ಆಗಿದ್ದರೆ ಪ್ರೆಶರ್ ಇಳಿಯುತ್ತಿದೆಯಾ ಅಂತ ನೋಡಬೇಕು. ಇಲ್ಲಿ ಒಂದು ಕಿತಾಪತಿ ಇದೆ. ಎಷ್ಟೋ ಕಡೆ ಗೇಜ್ ಇರುವುದು ಪಂಪ್ ಹತ್ತಿರ. ಅದು ಪಂಪ್ ಪ್ರೆಶರ್ ತೋರಿಸುತ್ತದೆ, ಸಿಲಿಂಡರ್ ಕಥೆ ಹೇಳುವುದಿಲ್ಲ. ಚೆಕ್ ವಾಲ್ವ್ (ಎಣ್ಣೆ ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್) ದಾಟಿ ಸಿಲಿಂಡರ್ ಕಡೆಗೆ ಒಂದು ಗೇಜ್ ಹಾಕಿಸಿ. ಮ್ಯಾಂಡ್ರೆಲ್ ಹಿಗ್ಗಿಸಿ, ಪಂಪ್ ಆಫ್ ಮಾಡಿ, ಕಾಲು ಗಂಟೆ ಕಾಯಿರಿ. ಮುಳ್ಳು ಇಳಿದರೆ ಮೊದಲು ರೋಟರಿ ಯೂನಿಯನ್ (ತಿರುಗುವ ಮ್ಯಾಂಡ್ರೆಲ್‌ಗೆ ಎಣ್ಣೆ ಕೊಡುವ ಜೋಡಣೆ) ಕೆಳಗೆ ಕೈ ಆಡಿಸಿ. ಎಣ್ಣೆ ಅಂಟಿದರೆ ಸೀಲ್ ಹೋಗಿದೆ. ಹೊರಗೆಲ್ಲೂ ಹನಿ ಇಲ್ಲದೆಯೂ ಇಳಿಯುತ್ತಿದ್ದರೆ ಚೆಕ್ ವಾಲ್ವ್ ಇಲ್ಲಾ ಪಿಸ್ಟನ್ ಸೀಲ್. ಹಿಡಿತ ಸಾಲದು ಅಂತ ಸುಮ್ನೆ ಪ್ರೆಶರ್ ಏರಿಸುವವರಿದ್ದಾರೆ. ತೆಳು ಶೀಟ್‌ನಲ್ಲಿ ಸೆಗ್ಮೆಂಟ್ ಅಂಚಿನ ಅಚ್ಚು ಒಳಸುತ್ತುಗಳ ಮೇಲೆ ಬೀಳುವುದು ಹೀಗೆಯೇ. ಕೈಯಿಂದ ತಿರುಗಿಸುವ ಸ್ಕ್ರೂ ಮ್ಯಾಂಡ್ರೆಲ್ ಇದ್ದವರು ಕೆಲವು ಶೀಟ್ ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿದರೆ ಸಾಕು.

ಪಕ್ಕಕ್ಕೆ ಎಳೆಯುವ ತೊಂದರೆಯಲ್ಲಿ ಕಾಯಿಲ್ ತಪ್ಪಾ, ಡಿಕಾಯ್ಲರ್ ತಪ್ಪಾ ಅಂತ ಮೊದಲು ಬಿಡಿಸಿಕೊಳ್ಳಿ. ಕಾಯಿಲ್ ಬದಲಾದಾಗ ಎಳೆತದ ದಿಕ್ಕೂ ಬದಲಾದರೆ ಶೀಟೇ ಬಾಗಿದೆ. ಯಾವ ಕಾಯಿಲ್ ಹಾಕಿದರೂ ಎಡಕ್ಕೇ ಹೋಗುತ್ತದೆ ಅಂದರೆ ಲೈನ್‌ನ ನಡುಗೆರೆಗೆ ನೂಲು ಕಟ್ಟಿ. ಮೊದಲ ರೋಲರ್ ಜೋಡಿಯ ಸ್ಟ್ಯಾಂಡ್‌ನಿಂದ ಕೊನೆಯದರವರೆಗೆ ಕಟ್ಟಿದ ನೂಲನ್ನು ಹಿಂದಕ್ಕೆ ಡಿಕಾಯ್ಲರ್ ತನಕ ಎಳೆಯಿರಿ. ಅದು ಕಾಯಿಲ್ ಅಗಲದ ಸರಿಯಾಗಿ ಮಧ್ಯಕ್ಕೆ ಬರಬೇಕು, ಮ್ಯಾಂಡ್ರೆಲ್‌ಗೆ ಮೂಲೆಮಟ್ಟ ಕೂರಬೇಕು. ದಿನಕ್ಕೆ ನೂರಾರು ಸಲ ಎಳೆತ ತಿಂದ ಡಿಕಾಯ್ಲರ್ ಫೌಂಡೇಶನ್ ಬೋಲ್ಟ್ ಸಡಿಲವಾಗಿ ಜರುಗಿರುವುದು ಅಪರೂಪವಲ್ಲ. ಬೋಲ್ಟ್ ಸುತ್ತ ಸಿಮೆಂಟ್ ಪುಡಿ ಉದುರಿದ್ದರೆ ಅದೇ ಸಾಕ್ಷಿ. ನೂಲು ಸರಿ ಇದ್ದರೆ ರಸಮಟ್ಟ ಇಡಿ. ಮ್ಯಾಂಡ್ರೆಲ್ ಒಂದೇ ಕಡೆ ಆಧಾರ ಇರುವ ವಸ್ತು, ಭಾರವೆಲ್ಲ ಮುಂದಿನ ಬೇರಿಂಗ್ ಮೇಲೆ. ಕಾಯಿಲ್ ಇಲ್ಲದಾಗ ಮೂತಿಗೆ ಡಯಲ್ ಗೇಜ್ ಕೊಟ್ಟು ಕೆಳಗಿಂದ ಜಾಕ್‌ನಲ್ಲಿ ನಿಧಾನ ಎತ್ತಿ. ಮುಳ್ಳು ಕಟ್ಟನೆ ಹಾರಿದರೆ ಬೇರಿಂಗ್ ಬಿಚ್ಚುವ ಕಾಲ ಬಂದಿದೆ.

ಹೊಸ ಕಾಯಿಲ್‌ಗೆ ಬಿಗಿದ ಪಟ್ಟಿ ಕತ್ತರಿಸುವ ವಿಷಯ ಬೇರೆಲ್ಲಕ್ಕಿಂತ ಮುಖ್ಯ. ಕಟ್ಟಿದ ಕಾಯಿಲ್ ಅಂದರೆ ಒತ್ತಿಟ್ಟ ಸ್ಪ್ರಿಂಗ್. ಶೀಟ್‌ನ ತುದಿ ಪ್ರೆಶರ್ ಆರ್ಮ್ (ಕಾಯಿಲನ್ನು ಮೇಲಿಂದ ಒತ್ತಿ ಹಿಡಿಯುವ ತೋಳು) ಅಡಿಗೆ ಬರುವಂತೆ ತಿರುಗಿಸಿ, ಆರ್ಮ್ ಇಳಿಸಿ, ಬ್ರೇಕ್ ಹಾಕಿ, ಪಕ್ಕದಲ್ಲಿ ನಿಂತು ಉದ್ದ ಹಿಡಿಯ ಕಟ್ಟರ್‌ನಿಂದಲೇ ಕತ್ತರಿಸಬೇಕು. ಉಳಿ ಸುತ್ತಿಗೆ ಬೇಡ, ಹಾರೆ ಹಾಕಿ ತಿರುಚುವುದಂತೂ ಬೇಡವೇ ಬೇಡ. ಆರ್ಮ್ ಕೆಟ್ಟಿದ್ದ ದಿನ ಲೈನ್ ನಿಲ್ಲಲಿ. ಮಳೆಗಾಲಕ್ಕೆ ಮೊದಲು, ಏಪ್ರಿಲ್ ಮೇ ತಿಂಗಳಲ್ಲಿ ಆರ್ಡರ್ ರಾಶಿ ಬಿದ್ದಿರುತ್ತದೆ ಅನ್ನುವುದು ನನಗೂ ಗೊತ್ತು. ಆದರೂ ನಿಲ್ಲಲಿ.

ಗ್ರೀಸ್ ವಿಷಯದಲ್ಲಿ ಎರಡು ಅತಿ ನೋಡುತ್ತೇನೆ. ಬೇರಿಂಗ್ ನಿಪ್ಪಲ್‌ಗೆ ತಿಂಗಳುಗಟ್ಟಲೆ ಗನ್ ತಾಗಿರುವುದಿಲ್ಲ, ಸೆಗ್ಮೆಂಟ್ ಅಡಿಯಲ್ಲಿ ಅದನ್ನು ಮೇಲೆತ್ತುವ ವೆಡ್ಜ್‌ಗೆ (ಬೆಣೆಗೆ) ಮಾತ್ರ ಮುದ್ದೆ ಮುದ್ದೆ ಮೆತ್ತಿರುತ್ತಾರೆ. ಅಲ್ಲಿ ಧೂಳು, ಸತುವಿನ ಪುಡಿ ಸೇರಿ ಉಜ್ಜುವ ಪೇಸ್ಟ್ ಆಗುತ್ತದೆ. ಹಳೆಯದನ್ನು ಪೂರ್ತಿ ಒರೆಸಿ, ತೆಳ್ಳಗೆ ಹೊಸದು ಹಚ್ಚಿ. ಆಯುಧಪೂಜೆಗೆ ಮೆಷಿನ್ ತೊಳೆಯುವಾಗ ಪೈಪ್ ಹಿಡಿದು ಬೇರಿಂಗ್ ಹೌಸಿಂಗ್‌ಗೆ ನೀರು ಬಿಡಬೇಡಿ. ಬಟ್ಟೆಯಲ್ಲಿ ಒರೆಸಿದರೂ ಪೂಜೆ ಸಲ್ಲುತ್ತದೆ. ಕುಂಕುಮ ಎಣ್ಣೆ ಬ್ರೇಕ್ ಡಿಸ್ಕ್ ಬಿಟ್ಟು ಬೇರೆ ಎಲ್ಲಿಗಾದರೂ ಇಡಿ.

ಸ್ಟೋರ್‌ನಲ್ಲಿ ಒಂದು ಸೆಟ್ ಬ್ರೇಕ್ ಲೈನರ್, ರೋಟರಿ ಯೂನಿಯನ್ ಸೀಲ್ ಕಿಟ್, ಒಂದು ಹೈಡ್ರಾಲಿಕ್ ಹೋಸ್ ಇರಲಿ. ಶಿಫ್ಟ್ ಪುಸ್ತಕದಲ್ಲಿ ಶೀಟ್ ಉದ್ದದ ಪಕ್ಕಕ್ಕೆ ಇನ್ನೊಂದು ಕಾಲಂ ಹಾಕಿಸಿ, ಆ ಹೊತ್ತಿನ ಕಾಯಿಲ್ ವ್ಯಾಸ ಬರೆಸಿ. ಮುಂದಿನ ಸಲ ಫೋನ್ ಮಾಡುವಾಗ ಆ ಪುಟದ ಫೋಟೋ ಮೊದಲು ಕಳಿಸಿ.