‘ಫ್ರೈಟ್’ ಬಂದು ಹೋಗುವ ಭಯ

ಅನುವಾದದ ಕೆಲಸಕ್ಕೆ ಇಳಿದ ಹೊಸತರಲ್ಲಿ ನಾನು ಎಡವಿದ್ದು ‘ಫ್ರೈಟ್’ ಅನ್ನುವ ಈ ಇಂಗ್ಲಿಷ್ ಪದದ ಮೇಲೆ. ಮಕ್ಕಳ ಕಥೆ. ಮೊಮ್ಮಗಳು ಬಾಗಿಲ ಹಿಂದಿನಿಂದ ‘ಭೋ’ ಅಂತ ಹಾರಿ ಬರುತ್ತಾಳೆ. ಅಜ್ಜಿ ‘ಯು ಗೇವ್ ಮಿ ಅ ಫ್ರೈಟ್’ ಅನ್ನುತ್ತಾಳೆ. ನಾನು ನಿಘಂಟು ತೆಗೆದೆ, ಅಲ್ಲಿ ‘ಭಯ, ಹೆದರಿಕೆ’ ಅಂತಿತ್ತು. ‘ನೀನು ನನಗೆ ಭಯವನ್ನು ಉಂಟುಮಾಡಿದೆ’ ಅಂತ ಬರೆದು ಕಳಿಸಿಬಿಟ್ಟೆ. ಕರಡು ವಾಪಸ್ ಬಂದಾಗ ಆ ಸಾಲಿನ ಪಕ್ಕ ಕೆಂಪು ಶಾಯಿಯಲ್ಲಿ ಒಂದೇ ಪ್ರಶ್ನೆ: ‘ಯಾವ ಅಜ್ಜಿ ಹೀಗೆ ಮಾತಾಡ್ತಾರೆ?’

ಯಾರೂ ಮಾತಾಡಲ್ಲ. ಅಜ್ಜಿ ಅನ್ನುವುದು ‘ಅಯ್ಯೋ, ಎದೆ ಧಸಕ್ ಅಂತಲ್ಲೇ!’ ಅಂತ. ಅಥವಾ ‘ಹೆದರಿಸಿಬಿಟ್ಟೆಯಲ್ಲೇ’ ಅಂತ. ಈ ಎರಡೂ ಮಾತಿನಲ್ಲಿ ‘ಭಯ’ ಅನ್ನುವ ನಾಮಪದವೇ ಇಲ್ಲ, ನೋಡಿ. ಇಂಗ್ಲಿಷ್ ಇಲ್ಲಿ ಒಂದು ನಾಮಪದ ಇಟ್ಟುಕೊಂಡು, ಅದನ್ನು ಕೊಡುವ, ತಗೊಳ್ಳುವ ವಸ್ತುವಿನ ಹಾಗೆ ಮಾಡುತ್ತದೆ. ಕನ್ನಡ ಅದೇ ಕೆಲಸವನ್ನು ಕ್ರಿಯಾಪದಕ್ಕೋ ಇಲ್ಲವೇ ಒಂದು ಸದ್ದಿಗೋ ಒಪ್ಪಿಸುತ್ತದೆ. ಧಸಕ್, ಝಲ್, ಧಗ್. ನಿಘಂಟಿನಲ್ಲಿ ‘ಫ್ರೈಟ್’ ಎದುರಿಗೆ ‘ಝಲ್’ ಅಂತ ಯಾರೂ ಹಾಕುವುದಿಲ್ಲ, ಆದರೆ ಎಷ್ಟೋ ಕಡೆ ಅದೇ ಸರಿಯಾದ ಅನುವಾದ.

‘ಫಿಯರ್’ ಮತ್ತು ‘ಫ್ರೈಟ್’ ಎರಡಕ್ಕೂ ಏನು ವ್ಯತ್ಯಾಸ ಅಂತ ಕೇಳುವವರಿಗೆ ನಾನು ಹಗ್ಗ-ಹಾವಿನ ಉದಾಹರಣೆ ಕೊಡುತ್ತೇನೆ. ಹಾವು ಅಂದ್ರೆ ನಿಮಗೆ ಆಗಲ್ಲ, ಚಿಕ್ಕಂದಿನಿಂದ ಹೆದರಿಕೆ. ಅದು ಫಿಯರ್. ಹಾವು ಎದುರಿಗೆ ಇಲ್ಲದಾಗಲೂ ಅದು ಇರುತ್ತದೆ, ನೀವು ನಿದ್ದೆ ಮಾಡುವಾಗಲೂ ಇರುತ್ತದೆ. ಇನ್ನು ಕತ್ತಲಲ್ಲಿ ಕಾಲಿಗೆ ಏನೋ ಮೆತ್ತಗೆ ತಾಗಿ, ಹಾವೇ ಅಂದುಕೊಂಡು, ಕೂಗಿ ಒಂದು ಮಾರು ಆಚೆ ಹಾರುತ್ತೀರಲ್ಲ, ಆ ಕ್ಷಣ ಇದೆಯಲ್ಲ, ಅದು ಫ್ರೈಟ್. ದೀಪ ಹಾಕಿ ನೋಡಿದರೆ ಹಗ್ಗ. ಅಪಾಯವೇ ಇರಲಿಲ್ಲ, ಆದರೂ ಫ್ರೈಟ್ ಮಾತ್ರ ಅಪ್ಪಟ ನಿಜ. ಎದೆ ಇನ್ನೂ ಹೊಡೆದುಕೊಳ್ಳುತ್ತಲೇ ಇರುತ್ತದೆ.

ಹಾಗೆ ಹೊಡೆದುಕೊಳ್ಳುವುದಕ್ಕೆ ಕಾರಣ ಅಡ್ರಿನಲಿನ್ ಅನ್ನುವ ಹಾರ್ಮೋನು. ಹಗ್ಗ ಅಂತ ತಲೆಗೆ ಹೊಳೆಯುವಷ್ಟರಲ್ಲಿ ಅದು ರಕ್ತಕ್ಕೆ ಸೇರಿಬಿಟ್ಟಿರುತ್ತದೆ, ವಾಪಸ್ ಕರೆಯುವ ಹಾಗಿಲ್ಲ. ದೇಹದ ಈ ತಯಾರಿಯನ್ನು ‘ಹೊಡೆದಾಡು ಇಲ್ಲವೇ ಓಡು’ ಅಂತ ವಿವರಿಸಿದ್ದು ಅಮೆರಿಕದ ವಿಜ್ಞಾನಿ ವಾಲ್ಟರ್ ಕ್ಯಾನನ್, 1915ರಲ್ಲಿ. ಇಂಗ್ಲಿಷ್‌ನಲ್ಲಿ ಅದು ‘ಫೈಟ್ ಆರ್ ಫ್ಲೈಟ್’. ಪ್ರಾಸ ಚೆನ್ನಾಗಿದೆ ಅಂತಲೋ ಏನೋ, ಆಮೇಲೆ ಬರೆದ ಕೆಲವರು ಅದಕ್ಕೆ ‘ಫ್ರೈಟ್’ ಅನ್ನೂ ಸೇರಿಸಿಕೊಂಡರು.

ಬಳಕೆಗೆ ಬರೋಣ. ಜನ ಜಾಸ್ತಿ ತಪ್ಪುವುದು ‘ಅ’ ಅನ್ನುವ ಆ ಪುಟ್ಟ ಪದದ ಹತ್ತಿರ. ಒಂದು ಸಲ ಆದ ಘಟನೆ ಅಂದ್ರೆ ‘ಅ ಫ್ರೈಟ್’. ‘ಐ ಗಾಟ್ ಅ ಫ್ರೈಟ್’, ‘ಶಿ ಗೇವ್ ಹಿಮ್ ಅ ಫ್ರೈಟ್’. ತುಂಬಾ ಜೋರಾಗಿ ಆಗಿದ್ದರೆ ‘ದ ಫ್ರೈಟ್ ಆಫ್ ಮೈ ಲೈಫ್’. ನಾವು ‘ಜೀವ ಬಾಯಿಗೆ ಬಂತು’ ಅನ್ನುವ ಜಾಗದಲ್ಲಿ ಅದನ್ನು ಕೂರಿಸಬಹುದು. ಆದರೆ ನಡುಗುವುದು, ಬಿಳಿಚಿಕೊಳ್ಳುವುದು, ಕಿರುಚುವುದು ಇವುಗಳ ಕಾರಣ ಹೇಳುವಾಗ ‘ಅ’ ಬಿದ್ದುಹೋಗುತ್ತದೆ: ‘ಶೇಕಿಂಗ್ ವಿತ್ ಫ್ರೈಟ್’, ‘ಪೇಲ್ ವಿತ್ ಫ್ರೈಟ್’. ‘ಐ ಹ್ಯಾವ್ ಫ್ರೈಟ್ ಆಫ್ ಎಕ್ಸಾಮ್’ ಅಂತ ನನ್ನ ವಿದ್ಯಾರ್ಥಿಯೊಬ್ಬ ಬರೆದಿದ್ದ. ಪರೀಕ್ಷೆಯ ಹೆದರಿಕೆ ತಿಂಗಳುಗಟ್ಟಲೆ ಇರುವಂಥದ್ದು, ಅಲ್ವಾ? ಅದು ಫಿಯರ್. ಪ್ರಶ್ನೆಪತ್ರಿಕೆ ತಿರುಗಿಸಿದಾಗ ಒಂದೂ ಪ್ರಶ್ನೆ ಗುರುತು ಸಿಗದೆ ಹೊಟ್ಟೆಯಲ್ಲಿ ಏನೋ ಕುಸಿದಂತಾಯಿತಲ್ಲ, ಅದು ಬೇಕಾದರೆ ಫ್ರೈಟ್ ಆಗಬಹುದು.

ಇನ್ನೊಂದು ರೂಪ ‘ಟೇಕ್ ಫ್ರೈಟ್’. ‘ದ ಹಾರ್ಸ್ ಟುಕ್ ಫ್ರೈಟ್’ ಅನ್ನುವುದನ್ನು ‘ಕುದುರೆ ಭಯ ತೆಗೆದುಕೊಂಡಿತು’ ಅಂತ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಕನ್ನಡದಲ್ಲಿ ಇದಕ್ಕೆ ಅಂತಲೇ ಒಂದು ಪದ ಇದೆ: ಬೆದರು. ಕುದುರೆ ಬೆದರಿತು, ಎತ್ತು ಬೆದರಿ ಓಡಿತು. ಇಷ್ಟು ಸರಿಯಾಗಿ ಹೊಂದುವ ಜೋಡಿ ಅನುವಾದದಲ್ಲಿ ಅಪರೂಪ, ಸಿಕ್ಕಾಗ ಬಿಡಬಾರದು. ಷೇರು ಪೇಟೆಯ ಸುದ್ದಿಯಲ್ಲಿ ಹೂಡಿಕೆದಾರರು ‘ಟೇಕ್ ಫ್ರೈಟ್’ ಆದಾಗಲೂ ನಾನು ಬೆದರಿದರು ಅಂತಲೇ ಹಾಕುತ್ತೇನೆ. ಅವರೂ ಹಾಗೇ ಓಡುತ್ತಾರೆ.

ಅಕ್ಕಪಕ್ಕದ ಪದಗಳಲ್ಲಿ ‘ಸ್ಟಾರ್ಟಲ್’ ಅಂದರೆ ಬೆಚ್ಚಿ ಬೀಳುವುದು. ಅದರಲ್ಲಿ ಹೆದರಿಕೆಗಿಂತ ಮೈಯ ಜಿಗಿತ ಮುಖ್ಯ. ‘ಸ್ಕೇರ್’ ಮಾತಿನ ಮಟ್ಟದ್ದು, ಆದರೆ ಬಾಂಬ್ ಸ್ಕೇರ್ ಅಂದಾಗ ಊರಿಗೆಲ್ಲ ಹಬ್ಬುವ ಗಾಬರಿ. ‘ಪ್ಯಾನಿಕ್’ ಗ್ರೀಕರ ಪ್ಯಾನ್ ದೇವರ ಹೆಸರಿನಿಂದ ಬಂದದ್ದು. ಅದು ಬಂದರೆ ಬುದ್ಧಿ ಕೈಕೊಡುತ್ತದೆ, ಏನು ಮಾಡಬೇಕು ಅಂತಲೇ ತೋಚುವುದಿಲ್ಲ. ಫ್ರೈಟ್ ಆದವರು ಒಂದು ನಿಮಿಷಕ್ಕೆ ನಗುತ್ತಾರೆ, ಪ್ಯಾನಿಕ್ ಆದವರು ನಗುವುದಿಲ್ಲ.

‘ಸ್ಟೇಜ್ ಫ್ರೈಟ್’ ಮಾತ್ರ ನಾನು ಇಷ್ಟು ಹೊತ್ತು ಹೇಳಿದ್ದನ್ನೆಲ್ಲ ಮುರಿಯುತ್ತದೆ. ಅದು ಒಂದು ಕ್ಷಣದ್ದಲ್ಲ, ವೇದಿಕೆ ಹತ್ತುವ ಮೂರು ದಿನ ಮೊದಲೇ ಶುರುವಾಗಬಹುದು. ‘ಅ’ ಕೂಡ ಸಾಮಾನ್ಯವಾಗಿ ಬೇಡ. ಕನ್ನಡದಲ್ಲಿ ಸಭಾಕಂಪ. ಮೂಲ ಪದಕ್ಕಿಂತ ಇದೇ ಚೆನ್ನಾಗಿದೆ ಅಂತ ನನ್ನ ಅನಿಸಿಕೆ, ಏಕೆಂದರೆ ಇದರಲ್ಲಿ ಮೈಕ್ ಹಿಡಿದ ಕೈಯ ನಡುಕ ಕಾಣುತ್ತದೆ.

ಈ ಸ್ಟೇಜ್ ಫ್ರೈಟ್ ಎಷ್ಟೋ ಬಯೋಡೇಟಾಗಳಲ್ಲಿ ‘ಸ್ಟೇಜ್ ಫ್ರೇಟ್’ ಆಗಿರುತ್ತದೆ. ಫ್ರೇಟ್ ಅಂದರೆ ಸರಕು ಸಾಗಣೆ. ‘ನನಗೆ ಸ್ಟೇಜ್ ಫ್ರೇಟ್ ಇಲ್ಲ’ ಅಂದರೆ ವೇದಿಕೆಗೆ ಸಾಮಾನು ಹೊರುವುದಿಲ್ಲ ಅಂತ ಆಗಬಹುದು! ಎರಡರ ನಡುವೆ ಇರುವುದು ಒಂದು ‘ಇ’ ಅಕ್ಷರ ಅಷ್ಟೇ. ಉಚ್ಚಾರದಲ್ಲಿ ಫ್ರೈಟ್ ಅನ್ನುವುದು ನೈಟ್, ಲೈಟ್ ಜೊತೆಗೆ ಹೋಗುತ್ತದೆ ಅಂತ ನೆನಪಿಟ್ಟರೆ ಸಾಕು. ಮೂರರಲ್ಲೂ ನಡುವೆ ಸುಮ್ನೆ ಕೂತಿರುವ ‘ಜಿ’ ಮತ್ತು ‘ಎಚ್’ ಹಿಂದೆ ಸುಮ್ನೆ ಇರಲಿಲ್ಲ, ಗಂಟಲಿನಿಂದ ಬರುವ ‘ಖ್’ ಥರದ ಒಂದು ಸದ್ದಾಗಿತ್ತು. ಇಂಗ್ಲಿಷ್‌ನಲ್ಲಿ ಸದ್ದು ಸತ್ತುಹೋಯಿತು, ಕಾಗುಣಿತ ಉಳಿಯಿತು. ಜರ್ಮನ್ ಭಾಷೆಯಲ್ಲಿ ಇದರ ನಂಟಿನ ಪದ ‘ಫುರ್ಖ್ಟ್’, ಅದರಲ್ಲಿ ಆ ಥರದ ಸದ್ದು ಇವತ್ತಿಗೂ ಇದೆ. ಜರ್ಮನ್‌ನಲ್ಲಿ ‘ರ’ಕಾರ ಸ್ವರದ ಆಚೆ ಇದೆ, ಇಂಗ್ಲಿಷ್‌ನಲ್ಲಿ ಈಚೆ ಬಂದಿದೆ. ಹಳೇ ಇಂಗ್ಲಿಷ್‌ನಲ್ಲಿ ‘ಫಿರ್ಹ್ಟು’ ಥರವೂ ಇತ್ತು, ‘ಫ್ರಿಹ್ಟು’ ಥರವೂ ಇತ್ತು. ಗೆದ್ದದ್ದು ಎರಡನೆಯದು.

ಇನ್ನೊಂದು ತಮಾಷೆ. ಹಳೇ ಇಂಗ್ಲಿಷ್‌ನಲ್ಲಿ ‘ಫಿಯರ್’ ಅನ್ನುವುದರ ಪೂರ್ವಜ ಪದಕ್ಕೆ ಹಠಾತ್ ಬಂದೆರಗುವ ಅಪಾಯ ಅಂತ ಅರ್ಥ ಇತ್ತು. ಅಂದರೆ ‘ಹಠಾತ್’ ಅನ್ನುವ ಗುಣ ಮೊದಲು ಅದರದ್ದೇ. ಕಾಲ ಕಳೆದಂತೆ ಅದು ಎಲ್ಲ ಥರದ ಹೆದರಿಕೆಗೂ ಹಬ್ಬಿಕೊಂಡಿತು.

ಕ್ರಿಯಾಪದವಾಗಿ ಶೇಕ್ಸ್‌ಪಿಯರ್ ಕಾಲದಲ್ಲಿ ಬರೀ ‘ಫ್ರೈಟ್’ ನಡೆಯುತ್ತಿತ್ತು. ಈಗ ‘ಫ್ರೈಟನ್’. ಅದರಿಂದ ಹುಟ್ಟಿದ ‘ಫ್ರೈಟನ್ಡ್’ ಹೆದರಿದವರಿಗೆ, ‘ಫ್ರೈಟನಿಂಗ್’ ಹೆದರಿಸುವುದಕ್ಕೆ. ‘ಐ ಆ್ಯಮ್ ಫ್ರೈಟನಿಂಗ್’ ಅಂತ ಹೇಳಿದರೆ ನೀವೇ ಭೂತ ಅಂತ ಅರ್ಥ. ನಾಯಿ ಕಂಡರೆ ಯಾವಾಗಲೂ ಹೆದರಿಕೆ ಇದ್ದರೆ ‘ಫ್ರೈಟನ್ಡ್ ಆಫ್ ಡಾಗ್ಸ್’, ಈಗ ತಾನೇ ಒಂದು ನಾಯಿ ಬೊಗಳಿ ಬೆಚ್ಚಿಸಿದ್ದರೆ ‘ಫ್ರೈಟನ್ಡ್ ಬೈ ಅ ಡಾಗ್’. ಹೆದರಿದ ಮಗು ‘ಅ ಫ್ರೈಟನ್ಡ್ ಚೈಲ್ಡ್’ ಆಗುತ್ತದೆ, ‘ಆ್ಯನ್ ಅಫ್ರೇಡ್ ಚೈಲ್ಡ್’ ಆಗುವುದಿಲ್ಲ.

ಹೆದರಿಕೆಯೇ ಇಲ್ಲದ ಅರ್ಥಗಳೂ ಇವೆ. ‘ಯು ಲುಕ್ ಅ ಫ್ರೈಟ್’ ಅಂದರೆ ತಲೆ ಕೆದರಿಕೊಂಡು ಬೆದರುಬೊಂಬೆ ಥರ ಕಾಣ್ತಿದ್ದೀಯ ಅಂತ. ‘ಫ್ರೈಟ್‌ಫುಲಿ ಕೈಂಡ್ ಆಫ್ ಯು’ ಅಂತ ಹಳೇ ಕಾಲದ ಬ್ರಿಟಿಷರು ಹೇಳಿದರೆ ಬಹಳ ಉಪಕಾರವಾಯಿತು ಅಂತ ಮಾತ್ರ. ಇದನ್ನು ಕೇಳಿ ‘ಹೆದರಿಕೆಗೂ ಉಪಕಾರಕ್ಕೂ ಏನು ಸಂಬಂಧ ಸರ್, ಈ ಇಂಗ್ಲಿಷ್ ಭಯಂಕರ ವಿಚಿತ್ರ’ ಅಂದ ಅದೇ ವಿದ್ಯಾರ್ಥಿ. ನಾನು ಅವನ ಮುಖವನ್ನೇ ನೋಡುತ್ತಾ ನಿಂತೆ. ತಾನು ಏನಂದೆ ಅಂತ ಅವನಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.