ಹಾಯಿದೋಣಿಯ ಕಾಗದಪತ್ರ: ಕೋಸ್ಟ್ ಗಾರ್ಡ್ ಡಾಕ್ಯುಮೆಂಟೇಶನ್ನೋ, ರಾಜ್ಯದ ನೋಂದಣಿಯೋ?

ಅಮೆರಿಕದಲ್ಲಿ ಸ್ವಂತಕ್ಕೆ ಹಾಯಿದೋಣಿ ಕೊಂಡವರ ಮುಂದೆ ಎರಡು ದಾರಿ ಇರುತ್ತವೆ. ಒಂದು, ತಮ್ಮ ರಾಜ್ಯದಲ್ಲಿ ನೋಂದಣಿ ಮಾಡಿಸುವುದು. ಕ್ಯಾಲಿಫೋರ್ನಿಯಾದಲ್ಲಿ ಈ ಕೆಲಸ ಕಾರಿನ ಹಾಗೇ ಡಿಎಂವಿಯಲ್ಲಿ (ನಮ್ಮ ಆರ್‌ಟಿಓ ಥರದ ಕಚೇರಿ) ಆಗುತ್ತದೆ. ಇನ್ನೊಂದು, ಕೇಂದ್ರ ಸರ್ಕಾರದ ಕೋಸ್ಟ್ ಗಾರ್ಡ್ ಕೊಡುವ ಡಾಕ್ಯುಮೆಂಟೇಶನ್, ಅಂದರೆ ದೋಣಿಯನ್ನು ದೇಶದ ಮಟ್ಟದಲ್ಲಿ ದಾಖಲಿಸಿ ಕೊಡುವ ಪ್ರಮಾಣಪತ್ರ. ಇದರ ಕಚೇರಿ ವೆಸ್ಟ್ ವರ್ಜೀನಿಯಾದ ಫಾಲಿಂಗ್ ವಾಟರ್ಸ್ ಎಂಬ ಊರಲ್ಲಿದೆ. ಸಮುದ್ರದಿಂದ ಅಷ್ಟು ದೂರ ಯಾಕೆ ಇಟ್ಟರೋ! ಪದ್ಧತಿ ಮಾತ್ರ ತುಂಬಾ ಹಳೆಯದು. ಮೊದಲ ಅಮೆರಿಕನ್ ಕಾಂಗ್ರೆಸ್ 1789ರಲ್ಲೇ ಹಡಗುಗಳ ನೋಂದಣಿಗೆ ಕಾನೂನು ಮಾಡಿತ್ತು.

ಹಲವರು ಡಾಕ್ಯುಮೆಂಟೇಶನ್ ಅಂದರೆ ಮೇಲ್ದರ್ಜೆಯ ನೋಂದಣಿ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ನಿಮಗೆ ಅದು ಸಿಗುತ್ತದೋ ಇಲ್ಲವೋ ಅನ್ನುವುದನ್ನೇ ಮೊದಲು ನೋಡಬೇಕು.

ಮೊದಲ ಷರತ್ತು ಟನ್ನೇಜ್. ದೋಣಿ ಕನಿಷ್ಠ 5 ನೆಟ್ ಟನ್ ಇರಬೇಕು. ಹೊಸಬರು ಎಡವುವುದು ಇಲ್ಲೇ. ಈ ಟನ್ ತೂಕವಲ್ಲ, ಒಳಗಿನ ಜಾಗದ ಅಳತೆ. ನೂರು ಘನ ಅಡಿಗೆ ಒಂದು ಟನ್. ಸರಳ ಅಳತೆಯ ಸೂತ್ರ ಹೀಗಿದೆ: ಉದ್ದ, ಅಗಲ, ಆಳ ಮೂರನ್ನೂ ಅಡಿಗಳಲ್ಲಿ ಗುಣಿಸಿ, ನೂರರಿಂದ ಭಾಗಿಸಿ, ಅದರ ಅರ್ಧ ತೆಗೆದುಕೊಳ್ಳಿ. ಅದು ಹಾಯಿದೋಣಿಯ ಗ್ರಾಸ್ ಟನ್. ಎಂಜಿನ್ ಹಲ್‌ನ (ದೋಣಿಯ ಒಡಲಿನ) ಒಳಗಿದ್ದರೆ ಅದರ ಶೇ. 90 ನೆಟ್ ಟನ್. ಇಲ್ಲದಿದ್ದರೆ ಗ್ರಾಸ್ ಎಷ್ಟೋ ನೆಟ್ ಅಷ್ಟೇ.

30 ಅಡಿ ಉದ್ದ, 10 ಅಡಿ ಅಗಲ, 5 ಅಡಿ ಆಳದ ದೋಣಿ ತಗೊಳ್ಳಿ. ಗುಣಿಸಿದರೆ 1500. ಗ್ರಾಸ್ 7.5, ಎಂಜಿನ್ ಒಳಗಿದ್ದರೆ ನೆಟ್ 6.75. ಪಾಸ್. ಅದೇ 24 ಅಡಿ ಉದ್ದ, 8 ಅಡಿ ಅಗಲ, 4 ಅಡಿ ಆಳ ಅಂದರೆ 768. ಗ್ರಾಸ್ 3.84. ಇದಕ್ಕೆ ಡಾಕ್ಯುಮೆಂಟೇಶನ್ ಸಿಗುವುದಿಲ್ಲ. 25 ಅಡಿ ದಾಟಿದ ದೋಣಿಗಳು ಸಾಮಾನ್ಯವಾಗಿ ಈ ಗೆರೆ ದಾಟುತ್ತವೆ. ಆಳ ಅಂದರೆ ದೋಣಿ ನೀರಲ್ಲಿ ಎಷ್ಟು ಮುಳುಗುತ್ತದೆ ಅನ್ನುವ ಡ್ರಾಫ್ಟ್ ಅಲ್ಲ. ಹಲ್‌ನ ಮೇಲಂಚಿನಿಂದ ತಳದವರೆಗಿನ ಅಳತೆ. ಕೆಳಗೆ ಬೋಲ್ಟ್ ಹಾಕಿ ಕೂರಿಸಿದ ಕೀಲ್ (ದೋಣಿ ಮಗುಚದಂತೆ ತಡೆಯುವ ಭಾರದ ರೆಕ್ಕೆ) ಲೆಕ್ಕಕ್ಕೆ ಬರುವುದಿಲ್ಲ.

ಎರಡನೆಯ ಷರತ್ತು ಪೌರತ್ವ, ನಮ್ಮ ಕನ್ನಡದವರು ಸರಿಯಾಗಿ ಓದಿಕೊಳ್ಳಬೇಕಾದದ್ದು ಇದನ್ನೇ. ಮಾಲೀಕರು ಅಮೆರಿಕದ ಪ್ರಜೆಯಾಗಿರಬೇಕು. ಎಚ್-1ಬಿ ವೀಸಾ ಸಾಲದು, ಗ್ರೀನ್ ಕಾರ್ಡ್ ಕೂಡ ಸಾಲದು. ಗಂಡ ಪ್ರಜೆ, ಹೆಂಡತಿ ಇನ್ನೂ ಗ್ರೀನ್ ಕಾರ್ಡ್‌ನಲ್ಲಿ, ದೋಣಿ ಇಬ್ಬರ ಹೆಸರಲ್ಲಿ ಅಂದರೂ ಆಗುವುದಿಲ್ಲ. ಜಂಟಿ ಮಾಲೀಕರೆಲ್ಲರೂ ಪ್ರಜೆಗಳಾಗಿರಬೇಕು. ಅಮೆರಿಕದ ಪೌರತ್ವ ಪಡೆದು ಒಸಿಐ ಕಾರ್ಡ್ ಇಟ್ಟುಕೊಂಡವರಿಗೆ ತೊಂದರೆ ಇಲ್ಲ. ರಾಜ್ಯದ ನೋಂದಣಿಗೆ ಪೌರತ್ವದ ಈ ಷರತ್ತು ಇಲ್ಲ. ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ಎಷ್ಟೋ ಜನಕ್ಕೆ ಆಯ್ಕೆಯ ಪ್ರಶ್ನೆಯೇ ಬರುವುದಿಲ್ಲ, ಅಲ್ವಾ?

ಎರಡೂ ಷರತ್ತು ದಾಟಿದರೂ ಸ್ವಂತ ಓಡಾಟದ ದೋಣಿಗೆ ಇದು ಕಡ್ಡಾಯವಲ್ಲ. ಹಾಗಾದರೆ ಯಾಕೆ ಮಾಡಿಸುತ್ತಾರೆ? ಮುಖ್ಯ ಕಾರಣ ಸಾಲ. ಡಾಕ್ಯುಮೆಂಟ್ ಆದ ದೋಣಿಯ ಮೇಲೆ ಬ್ಯಾಂಕು 'ಪ್ರಿಫರ್ಡ್ ಶಿಪ್ ಮಾರ್ಟ್‌ಗೇಜ್' ದಾಖಲಿಸಬಹುದು. 1920ರ ಕಾನೂನಿನಿಂದ ಬಂದ ಈ ಅಡಮಾನಕ್ಕೆ ಕೋರ್ಟಿನಲ್ಲಿ ಗಟ್ಟಿ ಬೆಲೆ ಇದೆ. ಹಾಗಾಗಿ ದೊಡ್ಡ ಸಾಲ ಕೊಡುವವರು ಡಾಕ್ಯುಮೆಂಟೇಶನ್ ಮಾಡಿಸಲೇಬೇಕು ಅನ್ನುವುದುಂಟು. ಇಂಥ ದೋಣಿಗೆ 'ಅಬ್‌ಸ್ಟ್ರಾಕ್ಟ್ ಆಫ್ ಟೈಟಲ್' ಸಿಗುತ್ತದೆ. ನಮ್ಮಲ್ಲಿ ಸೈಟ್ ಕೊಳ್ಳುವ ಮೊದಲು ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ಇಸಿ ತೆಗೆಸುತ್ತೇವಲ್ಲ, ಹೆಚ್ಚುಕಡಿಮೆ ಹಾಗೆ. ದೋಣಿ ಯಾರಿಂದ ಯಾರಿಗೆ ಹೋಯಿತು, ಅದರ ಮೇಲೆ ಯಾವ ಸಾಲ ದಾಖಲಾಗಿದೆ, ಅದರಲ್ಲಿ ಕಾಣುತ್ತದೆ. ಡಾಕ್ಯುಮೆಂಟ್ ಆದ ಹಳೆಯ ದೋಣಿ ಕೊಳ್ಳುವವರು ಇದನ್ನು ತೆಗೆಸದೆ ಹಣ ಕೊಡಬಾರದು.

ಇನ್ನೊಂದು ಕಾರಣ ವಿದೇಶ ಪ್ರಯಾಣ. ಬೇರೆ ದೇಶದ ಬಂದರಿನಲ್ಲಿ ದೋಣಿ ಅಮೆರಿಕದ್ದು ಅನ್ನುವುದಕ್ಕೆ ಈ ಪ್ರಮಾಣಪತ್ರವೇ ಖಚಿತ ಸಾಕ್ಷಿ. ಆದರೆ ದೋಣಿ ಯಾರದ್ದು ಅನ್ನುವ ವ್ಯಾಜ್ಯ ಅಮೆರಿಕದ ಕೋರ್ಟಿಗೆ ಹೋದರೆ ಅದೇ ಕಾಗದ ಕೊನೆಯ ಮಾತಲ್ಲ. ಈ ವ್ಯತ್ಯಾಸ ನೆನಪಿಡಿ.

ದೋಣಿಯ ಮೇಲೆ ಬರೆಸುವುದರಲ್ಲೂ ಫರಕು ಇದೆ. ರಾಜ್ಯದ ನಂಬರ್, ಉದಾಹರಣೆಗೆ ಸಿಎಫ್ 1234 ಎಬಿ, ಮೂತಿಯ ಎರಡೂ ಬದಿಗೆ ಕನಿಷ್ಠ 3 ಇಂಚು ಎತ್ತರದ ಅಕ್ಷರಗಳಲ್ಲಿ, ಬಣ್ಣ ಎದ್ದು ಕಾಣುವಂತೆ ಇರಬೇಕು. ಡಾಕ್ಯುಮೆಂಟ್ ಆದ ದೋಣಿಗೆ ಮೂತಿಯ ನಂಬರ್ ಇಲ್ಲ. ಹೊರಗೆ ಹೆಸರು ಮತ್ತು ಹೇಲಿಂಗ್ ಪೋರ್ಟ್ (ದೋಣಿಯ ಊರು ಎಂದು ದಾಖಲಿಸುವ ಸ್ಥಳ) ಒಟ್ಟಿಗೆ, ಕನಿಷ್ಠ 4 ಇಂಚಿನ ಅಕ್ಷರದಲ್ಲಿ ಬರುತ್ತವೆ. ಕೋಸ್ಟ್ ಗಾರ್ಡ್ ಕೊಡುವ ಅಫಿಶಿಯಲ್ ನಂಬರ್ ಒಳಗೆ, ಕಿತ್ತರೆ ಗುರುತು ಉಳಿಯುವಂತೆ ಕೂರಿಸಬೇಕು. ಸುಮ್ನೆ ಸ್ಟಿಕರ್ ಅಂಟಿಸಿದರೆ ನಡೆಯುವುದಿಲ್ಲ. ಹೇಲಿಂಗ್ ಪೋರ್ಟ್ ಆಗಿ ನಿಮ್ಮ ಮರೀನಾ ಇರುವ ಊರನ್ನೇ ಹಾಕಬೇಕೆಂದಿಲ್ಲ. ಅಮೆರಿಕದ ಊರಾಗಿರಬೇಕು, ಜೊತೆಗೆ ರಾಜ್ಯದ ಹೆಸರಿರಬೇಕು, ಅಷ್ಟೇ. ದೋಣಿಯ ಹೆಸರು 33 ಅಕ್ಷರ ಮೀರಬಾರದು.

ತೆರಿಗೆ ತಪ್ಪುತ್ತದೆ ಅನ್ನುವ ಮಾತನ್ನು ನಂಬಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಡಾಕ್ಯುಮೆಂಟ್ ಆದ ದೋಣಿಗೆ ಡಿಎಂವಿ ನೋಂದಣಿ ಬೇಡ, ನಿಜ. ಆದರೆ ಕೌಂಟಿಯ ಆಸ್ತಿ ತೆರಿಗೆ ಎರಡು ಬಗೆಯ ದೋಣಿಗೂ ಇದೆ. ಫ್ಲಾರಿಡಾದಲ್ಲಂತೂ ಡಾಕ್ಯುಮೆಂಟ್ ಆದ ದೋಣಿಯನ್ನೂ ರಾಜ್ಯದಲ್ಲಿ ನೋಂದಾಯಿಸಿ ಅದರ ಡೆಕಾಲ್ (ಸ್ಟಿಕರ್) ಹಚ್ಚಬೇಕು.

ಶುಲ್ಕದ ವಿಷಯಕ್ಕೆ ಬಂದರೆ, ಮೊದಲ ಅರ್ಜಿಗೆ 133 ಡಾಲರ್, ನವೀಕರಣಕ್ಕೆ ವರ್ಷಕ್ಕೆ 26. ನವೀಕರಣ ಹತ್ತಿರ ಬಂದಾಗ ಸರ್ಕಾರಿ ಪತ್ರದಂತೆಯೇ ಕಾಣುವ ಖಾಸಗಿ ಕಂಪನಿಗಳ ಕಾಗದಗಳು ಮನೆಗೆ ಬರುತ್ತವೆ. ಅವರು ಕೇಳುವ ಮೊತ್ತ ಇದಕ್ಕಿಂತ ಬಹಳ ಜಾಸ್ತಿ. ಕೋಸ್ಟ್ ಗಾರ್ಡ್ ಕೂಡ ಈ ಬಗ್ಗೆ ಎಚ್ಚರಿಸಿದೆ.

ನನ್ನನ್ನು ಕೇಳಿದರೆ, ಸಾಲವಿಲ್ಲದೆ ಕೊಂಡು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯೊಳಗೇ ವಾರಾಂತ್ಯಕ್ಕೆ ಹಾಯಿ ಬಿಚ್ಚುವವರಿಗೆ ರಾಜ್ಯದ ನೋಂದಣಿ ಧಾರಾಳ ಸಾಕು. ಮೆಕ್ಸಿಕೋ ದಾಟಿ ಪೆಸಿಫಿಕ್ ದ್ವೀಪಗಳಿಗೆ ಹೊರಡುವ ಯೋಚನೆ ಇದ್ದರೆ ಡಾಕ್ಯುಮೆಂಟ್ ಮಾಡಿಸಿ. ಆಗಲೂ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಡಿಂಗಿಗೆ ದೊಡ್ಡ ದೋಣಿಯ ಕಾಗದ ಅನ್ವಯಿಸುವುದಿಲ್ಲ. ಅದಕ್ಕೆ ಮೋಟಾರ್ ಹಾಕಿದರೆ ಡಿಎಂವಿಗೆ ಹೋಗಿ ಸಿಎಫ್ ನಂಬರ್ ತರಲೇಬೇಕು.