ಕೈ ಎಲುಬು ಮುರಿದರೆ ಪ್ಲಾಸ್ಟರ್ ಸಾಕಾ, ಆಪರೇಷನ್ ಬೇಕಾ?

ಪ್ರಶ್ನೆ: ಅವ್ವ ಅಂಗಳದಲ್ಲಿ ಜಾರಿ ಬಿದ್ದು ಕಿರುಬೆರಳಿನ ಕೆಳಗೆ ಹಸ್ತದ ಎಲುಬು ಮುರಿದಿದೆ. ಒಬ್ಬ ಡಾಕ್ಟರು ಪ್ಲಾಸ್ಟರ್ ಸಾಕು ಅಂದರು, ಇನ್ನೊಬ್ಬರು ತಂತಿ ಹಾಕಬೇಕು ಅಂದರು. ಯಾರ ಮಾತು ಕೇಳೋಣ? ಅವ್ವನಿಗೆ ಮತ್ತೆ ರೊಟ್ಟಿ ಬಡಿಯಲು ಆಗುತ್ತದಾ? (ಆಳಂದ ತಾಲ್ಲೂಕಿನ ಓದುಗರು)

ನಾನು ಕಲಬುರಗಿಯಲ್ಲಿ ಫಿಜಿಯೋಥೆರಪಿ ಮಾಡುತ್ತೇನೆ. ಪ್ಲಾಸ್ಟರ್ ಬಿಚ್ಚಿದ ಕೈ, ತಂತಿ ತೆಗೆದ ಕೈ ಎರಡೂ ದಿನಾ ನೋಡುತ್ತೇನೆ. ಎಕ್ಸ್‌ರೇ ಎಷ್ಟು ಮುಖ್ಯವೋ ಬೆರಳು ಮಡಚಿದಾಗ ಕಾಣುವುದು ಅಷ್ಟೇ ಮುಖ್ಯ. ಮುಂದಿನ ಸಲ ಕಟ್ಟು ಬಿಚ್ಚಿದಾಗ ಡಾಕ್ಟರ ಎದುರಿಗೇ ಅವ್ವನಿಗೆ ಬೆರಳು ಮಡಚಲು ಹೇಳಿ, ನೋವಿದ್ದರೆ ಅರ್ಧ ಮಡಚಿದರೂ ಆಯಿತು. ಬೆರಳ ತುದಿಗಳೆಲ್ಲ ಹೆಬ್ಬೆರಳ ಬುಡದ ಕಡೆ ಮುಖ ಮಾಡಬೇಕು. ಕಿರುಬೆರಳು ಉಂಗುರಬೆರಳ ಮೇಲೆ ಹತ್ತಿ ಕೂತಿದ್ದರೆ ಎಲುಬು ತಿರುಚಿಕೊಂಡಿದೆ. ಇದನ್ನು ಹಾಗೇ ಬಿಡಬಾರದು. ಎಲುಬು ಬರೀ 5 ಡಿಗ್ರಿ ತಿರುಚಿದರೂ ಬೆರಳ ತುದಿಯಲ್ಲಿ ಅದು ಒಂದೂವರೆ ಸೆಂಟಿಮೀಟರಿನಷ್ಟು ಒಂದರ ಮೇಲೊಂದು ಬರಬಹುದು. ಇದ್ದ ಹಾಗೇ ಪ್ಲಾಸ್ಟರ್ ಹಾಕಿದರೆ ಅದು ತಾನಾಗಿ ಸರಿಹೋಗುವುದಿಲ್ಲ.

ತಿರುಚಿಲ್ಲ, ಸ್ವಲ್ಪ ಬಾಗಿದೆ ಅಷ್ಟೇ ಅಂದರೆ ಕಥೆ ಬೇರೆ. ಕಿರುಬೆರಳಿನ ಎಲುಬಿನ ಬುಡ ಅಲುಗಾಡುವ ಕೀಲು. ಹಾಗಾಗಿ ಗೆಣ್ಣಿನ ಹತ್ತಿರ ಸಾಕಷ್ಟು ಬಾಗಿ ಕೂಡಿದರೂ ಕೈ ಅದನ್ನು ಹೊಂದಿಸಿಕೊಳ್ಳುತ್ತದೆ. ಗೆಣ್ಣು ಸ್ವಲ್ಪ ಒಳಗೆ ಕುಸಿದ ಹಾಗೆ ಕಾಣಬಹುದು, ಹಿಡಿತ ಬರುತ್ತದೆ. ತೋರುಬೆರಳು, ನಡುಬೆರಳಿನ ಎಲುಬಿಗೆ ಈ ಸಡಿಲ ಇಲ್ಲ, ಅಲ್ಲಿ ಅಷ್ಟೇ ಬಾಗಿದರೂ ಆಪರೇಷನ್ ಮಾತು ಬರುತ್ತದೆ. ನಿಮ್ಮ ಇಬ್ಬರು ಡಾಕ್ಟರೂ ಇದೇ ಲೆಕ್ಕ ಹಾಕಿರಬಹುದು, ಬೇರೆ ಬೇರೆ ಉತ್ತರ ಬಂದಿರಬಹುದು. "ಬೆರಳು ತಿರುಚಿದೆಯಾ? ಮುರಿತ ಕೀಲಿನೊಳಗೆ ಹೋಗಿದೆಯಾ? ಕೂಡಿಸಿದ ಮೇಲೆ ಜಾರುತ್ತಾ?" ಅಂತ ಇಬ್ಬರನ್ನೂ ಕೇಳಿ. ಮೂರಕ್ಕೂ ಇಲ್ಲ ಅಂದರೆ, ಬಾಗಿದ್ದೂ ಜಾಸ್ತಿ ಇಲ್ಲದಿದ್ದರೆ, ಸಾಮಾನ್ಯವಾಗಿ ಪ್ಲಾಸ್ಟರ್ ಸಾಕು. ಮೂರನೆಯವರ ಅಭಿಪ್ರಾಯ ಬೇಕಿದ್ದರೆ ಕಲಬುರಗಿಯ ಜಿಮ್ಸ್ ಇದೆ, ಸರ್ಕಾರಿ ಮೆಡಿಕಲ್ ಕಾಲೇಜು.

ಕೆಲವು ಕಡೆ ವಾದವೇ ಇಲ್ಲ. ಶಹಾಬಾದ್ ಕಡೆ ಫರ್ಸಿ ಕಲ್ಲಿನಡಿ ಸಿಕ್ಕ ಬೆರಳು, ರಾಶಿ ಮಷೀನಿಗೆ ಸಿಕ್ಕ ಕೈ, ಅಂದರೆ ಚರ್ಮ ಹರಿದು ಎಲುಬು ಹೊರಗಿನ ಗಾಳಿಗೆ ಬಿದ್ದಿದ್ದರೆ ತಡ ಮಾಡದೆ ಆಸ್ಪತ್ರೆಗೆ ಓಡಬೇಕು. ತೊಳೆದು, ಆಂಟಿಬಯೋಟಿಕ್ ಕೊಟ್ಟು, ಆಮೇಲೆ ಎಲುಬಿನ ಮಾತು. ಹೆಬ್ಬೆರಳ ಬುಡದಲ್ಲಿ ಕೀಲಿನೊಳಗೆ ಮುರಿದಿದ್ದರೂ ಹೆಚ್ಚಾಗಿ ತಂತಿ ಬೇಕಾಗುತ್ತದೆ, ಅಲ್ಲಿನ ಸ್ನಾಯು ಎಲುಬನ್ನು ಎಳೆಯುತ್ತಲೇ ಇರುತ್ತದೆ.

ಎಲುಬು ಕಟ್ಟುವವರ ಹತ್ತಿರ ಹೋಗಿ ಬಿದಿರು ಕಡ್ಡಿ ಬಿಗಿದು ಕಟ್ಟಿಸಿಕೊಂಡು ಬೆರಳು ನೀಲಿಗಟ್ಟಿದ ಮೇಲೆ ಬರುವವರನ್ನು ನೋಡಿದ್ದೇನೆ, ನೋಡಲು ಸಂಕಟವಾಗುತ್ತದೆ. ಬೆರಳು ಜುಮ್ಮೆಂದರೆ, ನೋವು ಏರುತ್ತಲೇ ಹೋದರೆ, ಅದು ಯಾರು ಕಟ್ಟಿದ ಕಟ್ಟೇ ಇರಲಿ, ತಡ ಮಾಡದೆ ಕೂಡಲೇ ಆಸ್ಪತ್ರೆಗೆ ಹೋಗಿ ಸಡಿಲಿಸಿಕೊಳ್ಳಬೇಕು. ಬಾವು ಬರುವ ಮೊದಲೇ ಉಂಗುರ, ಬಳೆ ತೆಗೆಯಿರಿ.

ಪ್ಲಾಸ್ಟರ್ ಆದರೆ ವಾರ, ಹತ್ತು ದಿನದೊಳಗೆ ಇನ್ನೊಂದು ಎಕ್ಸ್‌ರೇ ತಪ್ಪಿಸಬೇಡಿ. ಜಾರಿದ್ದರೆ ಆಗ ತಿದ್ದುವುದು ಸುಲಭ, ಮೂರು ವಾರ ಕಳೆದರೆ ಎಲುಬು ಅಂಟಿಕೊಳ್ಳಲು ಶುರುವಾಗಿರುತ್ತದೆ.

ನನಗೆ ಜಾಸ್ತಿ ಭಯ ಇರುವುದು ಬಿಗಿತದ್ದು. ಕೈ ಎಲುಬು ಸಾಮಾನ್ಯವಾಗಿ 3-4 ವಾರದಲ್ಲಿ ಗಟ್ಟಿಯಾಗುತ್ತದೆ, ಆದರೆ ಎಕ್ಸ್‌ರೇಯಲ್ಲಿ ಗೆರೆ ಆಮೇಲೂ ಕಾಣುತ್ತದೆ. ಗೆರೆ ಕಂಡಿತು ಅಂತ ಸುಮ್ನೆ ಎರಡು ತಿಂಗಳು ಪ್ಲಾಸ್ಟರ್ ಇಟ್ಟರೆ ಬೆರಳು ಕಟ್ಟಿಗೆಯಾಗುತ್ತದೆ. ಪ್ಲೇಟ್ ಹಾಕಿದರೆ ಬೆರಳನ್ನು ಬೇಗ ಆಡಿಸಬಹುದು, ಆದರೆ ಗಾಯದ ಕೆಳಗೆ ಬೆರಳನ್ನು ಎಳೆಯುವ ಸ್ನಾಯುರಜ್ಜು (ಟೆಂಡನ್) ಅಂಟಿಕೊಂಡು ಅದರಿಂದಲೂ ಬಿಗಿತ ಬರಬಹುದು. ತಂತಿಯಾದರೆ ಅದು ಚರ್ಮದಿಂದ ಹೊರಬರುವ ಜಾಗದಲ್ಲಿ ಕೀವಾಗದಂತೆ ನೋಡಿಕೊಳ್ಳಬೇಕು.

ರೊಟ್ಟಿಯ ವಿಷಯ. ಎಲುಬು ಕೂಡಿದೆ ಅಂತ ಡಾಕ್ಟರು ಹೇಳಿದ ಮೇಲೆ ಬಿಸಿನೀರಲ್ಲಿ ಕೈ ಇಟ್ಟು ಮುಷ್ಟಿ ಮಡಚಿ ಬಿಡಿಸಲಿ, ದಿನಕ್ಕೆ ನಾಲ್ಕೈದು ಸಲ. ಆಮೇಲೆ ಮೆತ್ತಗೆ ನಾದಿದ ಜೋಳದ ಹಿಟ್ಟಿನ ಉಂಡೆ ಕೊಡಿ, ಹಿಚುಕಲಿ. ಬಡಿಯುವುದು ಮಾತ್ರ ಕಡೆಗೆ. ಅಂಗೈ ಪೂರ್ತಿ ಚಪ್ಪಟೆಯಾಗಿ, ಒತ್ತಿದರೂ ನೋಯದೆ ಇದ್ದಾಗ ಒಂದು ಸಣ್ಣ ರೊಟ್ಟಿಯಿಂದ ಶುರು ಮಾಡಲಿ. ಅಲ್ಲಿಯ ತನಕ ಬಡಿಯುವ ಕೆಲಸ ಮನೆಯಲ್ಲಿ ಬೇರೆ ಯಾರಾದರೂ ನೋಡಿಕೊಳ್ಳಿ.